ಇರುವ ರ‍್ಯಾಮ್‌ಗೆ ಇನ್ನೊಂದು ಕಿಟ್ ಸೇರಿಸುವ ಮೊದಲು

"ಹದಿನಾರು ಜಿಬಿ ಈಗಾಗಲೇ ಉಂಟು, ಅದೇ ಕಂಪನಿಯ ಅದೇ ಸ್ಪೀಡಿನ ಇನ್ನೊಂದು ಹದಿನಾರು ಹಾಕಿದರೆ ಆಯ್ತಲ್ಲ?" ಮಂಗಳೂರು, ಉಡುಪಿ ಕಡೆ ಅಸೆಂಬಲ್ ಮಾಡಿದ ಪಿಸಿ ಇಟ್ಟುಕೊಂಡವರು ಈಗ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ರಾತ್ರಿಯಿಡೀ ನಡೆದ ಯಕ್ಷಗಾನವನ್ನು ಮೂರು ಕ್ಯಾಮೆರಾದಲ್ಲಿ ಹಿಡಿದು ಎಡಿಟ್ ಮಾಡುವವರಿಗೆ, ಮದುವೆ ಆಲ್ಬಮ್ ಮಾಡುವ ಸ್ಟುಡಿಯೋದವರಿಗೆ 16 ಜಿಬಿ ಸಾಲುವುದಿಲ್ಲ. ಅದರ ಮೇಲೆ 2025ರ ಕೊನೆಯಿಂದ ಮೆಮೊರಿ ಬೆಲೆ ಏರಿದ ರೀತಿ ನೋಡಿದರೆ, ಇದ್ದದ್ದನ್ನು ತೆಗೆದಿಟ್ಟು 32 ಜಿಬಿಯ ಹೊಸ ಕಿಟ್ (ಒಂದೇ ಡಬ್ಬದಲ್ಲಿ ಬರುವ ಎರಡು ಸ್ಟಿಕ್‌ಗಳ ಜೋಡಿ) ಕೊಳ್ಳಿ ಎಂದು ಯಾರಿಗೂ ಸಲೀಸಾಗಿ ಹೇಳುವ ಹಾಗಿಲ್ಲ.

ಹಾಕಬಹುದು. ಎಷ್ಟೋ ಕಡೆ ತೊಂದರೆ ಇಲ್ಲದೆ ನಡೆಯುತ್ತಲೂ ಇದೆ. ಆದರೆ ಒಂದು ಮಾತು ಮೊದಲೇ ತಿಳಿದಿರಬೇಕು. ಡಬ್ಬದ ಮೇಲೆ ಬರೆದ 3200, 3600 ಎಂಬ ವೇಗದ ಸಂಖ್ಯೆ ಆ ಡಬ್ಬದೊಳಗಿನ ಎರಡು ಸ್ಟಿಕ್‌ಗಳಿಗೆ ಮಾತ್ರ ಅನ್ವಯಿಸುತ್ತದೆ. ಅವೆರಡನ್ನು ಜೊತೆಯಾಗಿ ಓಡಿಸಿ ನೋಡಿಯೇ ಕಂಪನಿಯವರು ಡಬ್ಬಕ್ಕೆ ಹಾಕಿರುತ್ತಾರೆ. ಎರಡು ಡಬ್ಬ ಕೊಂಡು ನಾಲ್ಕು ಸ್ಟಿಕ್ ಕೂರಿಸಿದಾಗ ಆಗುವುದು ಯಾರೂ ಓಡಿಸಿ ನೋಡಿರದ ನಾಲ್ಕರ ಸೆಟ್. ಅದನ್ನು ನೋಡುವ ಹೊಣೆ ಅಲ್ಲಿಂದ ನಿಮ್ಮದು. ಒಂದೇ ಮಾದರಿ ಸಂಖ್ಯೆಯ ಕಿಟ್‌ಗಳನ್ನೂ ಬೆರೆಸಬೇಡಿ ಎಂದು ಜಿ.ಸ್ಕಿಲ್, ಕೋರ್ಸೇರ್‌ನಂಥ ಕಂಪನಿಗಳು ಹೇಳುವುದು ಇದೇ ಕಾರಣಕ್ಕೆ.

ಒಂದೇ ಹೆಸರು, ಒಳಗೆ ಬೇರೆ ಚಿಪ್

ರ‍್ಯಾಮ್ ಸ್ಟಿಕ್ ಮಾರುವ ಕಂಪನಿಗಳಲ್ಲಿ ಹೆಚ್ಚಿನವು ಚಿಪ್ ಮಾಡುವುದಿಲ್ಲ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್‌ನವರ ಚಿಪ್ ಕೊಂಡು ತಮ್ಮ ಸರ್ಕ್ಯೂಟ್ ಪಟ್ಟಿಯ ಮೇಲೆ ಕೂರಿಸಿ, ಮೇಲೊಂದು ಹೀಟ್‌ಸಿಂಕ್ ಅಂಟಿಸುತ್ತಾರೆ. ಯಾವ ಚಿಪ್ ಅಗ್ಗವಾಗಿ ಸಿಕ್ಕಿತೋ ಅದು ಆ ತಿಂಗಳ ಸ್ಟಿಕ್‌ಗೆ ಹೋಗುತ್ತದೆ. ಮಾದರಿ ಸಂಖ್ಯೆ, ಬಣ್ಣ, ಡಬ್ಬ ಯಾವುದೂ ಬದಲಾಗುವುದಿಲ್ಲ. ಕೋರ್ಸೇರ್‌ನ ಡಿಡಿಆರ್4 ಸ್ಟಿಕ್ (ಡಿಡಿಆರ್4, ಡಿಡಿಆರ್5 ಎಂಬುವು ಮೆಮೊರಿಯ ಪೀಳಿಗೆಗಳು) ನಿಮ್ಮ ಕೈಯಲ್ಲಿದ್ದರೆ ಲೇಬಲನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣ ಅಕ್ಷರದಲ್ಲಿ "ವರ್" ಎಂದು ಬರೆದು 4.31 ಅಥವಾ 5.30ರಂಥ ಸಂಖ್ಯೆ ಕೊಟ್ಟಿರುತ್ತಾರೆ. ಮೊದಲ ಅಂಕೆ 3 ಆದರೆ ಮೈಕ್ರಾನ್, 4 ಆದರೆ ಸ್ಯಾಮ್‌ಸಂಗ್, 5 ಆದರೆ ಹೈನಿಕ್ಸ್. ಎರಡು ವರ್ಷ ಬಿಟ್ಟು ಅದೇ ಅಂಗಡಿಯಲ್ಲಿ ಅದೇ ಕಿಟ್ ಕೇಳಿ ತಂದರೂ ಈ ಅಂಕೆ ಬೇರೆ ಇರುವ ಸಾಧ್ಯತೆಯೇ ಹೆಚ್ಚು.

ಚಿಪ್ ಮಾಡಿದವರು ಯಾರೆಂಬುದಕ್ಕಿಂತಲೂ ಮುಖ್ಯವಾದದ್ದು ಚಿಪ್ ಎಷ್ಟು ದೊಡ್ಡದು ಎಂಬುದು. ಡಿಡಿಆರ್4ನ 16 ಜಿಬಿ ಸ್ಟಿಕ್ಕನ್ನು ಎರಡು ರೀತಿಯಲ್ಲಿ ಮಾಡಬಹುದು. 8 ಗಿಗಾಬಿಟ್‌ನ ಹದಿನಾರು ಚಿಪ್ ಹಾಕಿದರೆ ಪಟ್ಟಿಯ ಎರಡೂ ಬದಿ ತುಂಬುತ್ತದೆ. ಅದು ಎರಡು ರ‍್ಯಾಂಕಿನ ಸ್ಟಿಕ್. 16 ಗಿಗಾಬಿಟ್‌ನ ಎಂಟೇ ಚಿಪ್ ಹಾಕಿದರೆ ಒಂದೇ ಬದಿ, ಒಂದೇ ರ‍್ಯಾಂಕ್. ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಒಂದು ಗುಂಪಿಗೆ ರ‍್ಯಾಂಕ್ ಎನ್ನುತ್ತಾರೆ. ಹಳೆಯ ಸ್ಟಿಕ್‌ಗಳು ಮೊದಲ ಬಗೆಯವು, ಈಚಿನವು ಹೆಚ್ಚಾಗಿ ಎರಡನೆಯ ಬಗೆಯವು. ಎರಡರ ಮೇಲೂ "16 ಜಿಬಿ, 3200, ಸಿಎಲ್16" ಎಂದೇ ಇರುತ್ತದೆ.

ಇದರಿಂದ ಕೆಡುವುದು ಏನು? ಡಿರ‍್ಯಾಮ್ ಚಿಪ್‌ನಲ್ಲಿ ಪ್ರತಿ ಬಿಟ್ ಒಂದು ಪುಟ್ಟ ಕೆಪಾಸಿಟರ್‌ನ ಚಾರ್ಜ್. ಅದು ಸೋರುತ್ತಲೇ ಇರುತ್ತದೆ. ಆದ್ದರಿಂದ ಡಿಡಿಆರ್4ನಲ್ಲಿ ಸರಾಸರಿ 7.8 ಮೈಕ್ರೋಸೆಕೆಂಡಿಗೊಮ್ಮೆ ಮೆಮೊರಿ ಕಂಟ್ರೋಲರ್ ಒಂದು ರಿಫ್ರೆಶ್ ಕಮಾಂಡ್ ಕೊಡುತ್ತದೆ. ಆ ರಿಫ್ರೆಶ್ ಮುಗಿಯುವವರೆಗೆ ಚಿಪ್ಪನ್ನು ಮುಟ್ಟಬಾರದು. ಮುಟ್ಟದೆ ಇರಬೇಕಾದ ಆ ಹೊತ್ತಿಗೇ ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪುಟಗಳಲ್ಲಿ) ಟಿಆರ್‌ಎಫ್‌ಸಿ ಎಂಬ ಹೆಸರು. ಮೆಮೊರಿಯ ಮಾನದಂಡ ಗೊತ್ತುಮಾಡುವ ಜೆಡೆಕ್ ಸಂಸ್ಥೆಯ ಪ್ರಕಾರ 8 ಗಿಗಾಬಿಟ್ ಚಿಪ್‌ಗೆ ಅದು 350 ನ್ಯಾನೋಸೆಕೆಂಡ್, 16 ಗಿಗಾಬಿಟ್ ಚಿಪ್‌ಗೆ 550. ಡಿಡಿಆರ್4-3200ರಲ್ಲಿ ಕ್ಲಾಕ್ 1600 ಮೆಗಾಹರ್ಟ್ಸ್, ಅಂದರೆ ಬಯೋಸ್‌ನಲ್ಲಿ ಕಾಣುವ ಲೆಕ್ಕದಲ್ಲಿ ಮೊದಲನೆಯದಕ್ಕೆ 560, ಎರಡನೆಯದಕ್ಕೆ 880. ಚಿಕ್ಕ ಚಿಪ್ಪಿನ ಸ್ಟಿಕ್‌ನ ಎಕ್ಸ್‌ಎಂಪಿ ಪ್ರೊಫೈಲಿನಲ್ಲಿರುವ (ಹೆಚ್ಚಿನ ವೇಗಕ್ಕೆಂದು ಕಂಪನಿ ಸ್ಟಿಕ್‌ನಲ್ಲೇ ಬರೆದಿಟ್ಟ ಸೆಟ್ಟಿಂಗ್) ಸಂಖ್ಯೆಯನ್ನು ಬೋರ್ಡ್ ನಾಲ್ಕಕ್ಕೂ ಹೇರಿದರೆ ದೊಡ್ಡ ಚಿಪ್‌ಗಳ ರಿಫ್ರೆಶ್ ಅರ್ಧಕ್ಕೇ ತುಂಡಾಗಬಹುದು. ಪಿಸಿ ಆನ್ ಆಗುತ್ತದೆ, ವಿಂಡೋಸ್ ಬರುತ್ತದೆ, ಎರಡು ಗಂಟೆ ಕೆಲಸವೂ ಆಗುತ್ತದೆ. ಎಲ್ಲೋ ಒಂದು ಬಿಟ್ ತಿರುಗಿದಾಗ ಬ್ಲೂ ಸ್ಕ್ರೀನ್. ಅಂಗಡಿಗೆ ಒಯ್ದರೆ ಫಾರ್ಮ್ಯಾಟ್ ಹೊಡೆದು ಕೊಡುತ್ತಾರೆ. ವಾರ ಕಳೆದು ಮತ್ತೆ ಅದೇ ಕಥೆ. ಬೆರೆಸಿದ ಕಿಟ್‌ಗಳ ತೊಂದರೆ ಈ ಬಗೆಯದೂ ಆಗಿರಬಹುದು. ಸಿಎಲ್, ಟಿಆರ್‌ಸಿಡಿಗಳಂಥ ಮೊದಲ ಸಾಲಿನ ಟೈಮಿಂಗ್ ಸಂಖ್ಯೆಗಳನ್ನು (ಎಷ್ಟು ಕ್ಲಾಕ್ ಕಾಯಬೇಕೆಂಬ ಲೆಕ್ಕ, ಕಡಿಮೆ ಇದ್ದಷ್ಟೂ ಚುರುಕು) ಎಲ್ಲರೂ ಹೋಲಿಸಿ ನೋಡುತ್ತಾರೆ. ಕೆಳಗಿನ ಸಾಲುಗಳನ್ನು ನೋಡುವವರು ಕಡಿಮೆ.

ಡೆಲ್, ಎಚ್‌ಪಿಯ ಆಫೀಸ್ ಪಿಸಿಗಳಿಂದ ತೆಗೆದ ಹೀಟ್‌ಸಿಂಕ್ ಇಲ್ಲದ ಸ್ಟಿಕ್ ಆದರೆ ಕೆಲಸ ಸುಲಭ, ಎಲ್ಲವೂ ಲೇಬಲಿನಲ್ಲೇ ಉಂಟು. "8 ಜಿಬಿ 1ಆರ್‌ಎಕ್ಸ್8 ಪಿಸಿ4-3200ಎಎ-ಯುಎ2-11" ಎಂದಿದ್ದರೆ: ಒಂದು ರ‍್ಯಾಂಕ್, ಪ್ರತಿ ಚಿಪ್ 8 ಬಿಟ್ ಅಗಲ, ಜೆಡೆಕ್‌ನ 3200 ಸ್ಪೀಡ್, ಟೈಮಿಂಗ್ 22-22-22, ಬಫರ್ ಇಲ್ಲದ ಡೆಸ್ಕ್‌ಟಾಪ್ ಸ್ಟಿಕ್. 1ಆರ್‌ಎಕ್ಸ್16 ಎಂದಿದ್ದರೆ ಪಟ್ಟಿಯ ಮೇಲೆ ಬರೀ ನಾಲ್ಕು ಚಿಪ್ ಇರುತ್ತದೆ. ಡಿಡಿಆರ್4ನ 16 ಬಿಟ್ ಅಗಲದ ಚಿಪ್‌ನಲ್ಲಿ ಬ್ಯಾಂಕ್ ಗ್ರೂಪ್ ಎರಡೇ (8 ಬಿಟ್‌ನದರಲ್ಲಿ ನಾಲ್ಕು), ಹಾಗಾಗಿ ಅದು ಸ್ವಲ್ಪ ನಿಧಾನ. ಅಗ್ಗದ 8 ಜಿಬಿ ಸ್ಟಿಕ್ ಕೊಳ್ಳುವಾಗ ಇದನ್ನು ನೋಡಿ ಕೊಳ್ಳಿ. ಹೀಟ್‌ಸಿಂಕ್ ಇರುವ ಸ್ಟಿಕ್‌ಗೆ ಸಿಪಿಯು-ಜ಼ಡ್‌ನ (ಪಿಸಿಯ ಭಾಗಗಳ ವಿವರ ತೋರಿಸುವ ಸಾಫ್ಟ್‌ವೇರ್) ಎಸ್‌ಪಿಡಿ ಟ್ಯಾಬ್ ತೆರೆದು ಸ್ಲಾಟ್ ಒಂದೊಂದಾಗಿ ಆರಿಸಿದರೆ ರ‍್ಯಾಂಕ್, ಚಿಪ್ ಕಂಪನಿ, ಜೆಡೆಕ್ ಮತ್ತು ಎಕ್ಸ್‌ಎಂಪಿ ಕೋಷ್ಟಕ ಎಲ್ಲ ಸಿಗುತ್ತದೆ. ಹೀಟ್‌ಸಿಂಕ್ ಕಿತ್ತು ನೋಡಲು ಹೋಗಬೇಡಿ. ಅಂಟಿನ ಜೊತೆ ಚಿಪ್ ಎದ್ದು ಬರುವುದುಂಟು, ವಾರಂಟಿಯೂ ಹೋಗುತ್ತದೆ.

ಎರಡೂ 3200, ಓಡುವುದು 2400

ಇದು ಬಹಳ ಜನರನ್ನು ಗೊಂದಲಕ್ಕೆ ಹಾಕುವ ವಿಷಯ. 3200 ಎಂಬುದರಲ್ಲಿ ಎರಡು ಜಾತಿ ಇದೆ. ಒಂದು, ಜೆಡೆಕ್ ಮಾನದಂಡದ್ದೇ ಆದ 3200: ಸಿಎಲ್22, 1.2 ವೋಲ್ಟ್. ಬೋರ್ಡೂ ಪ್ರೊಸೆಸರೂ 3200ನ್ನು ಒಪ್ಪುವುದಾದರೆ ತಾನಾಗಿ ಆ ಸ್ಪೀಡಿಗೆ ಬರುತ್ತದೆ. ಇನ್ನೊಂದು ಗೇಮಿಂಗ್ ಕಿಟ್‌ಗಳ 3200: ಸಿಎಲ್16, 1.35 ವೋಲ್ಟ್. ಇದು ಎಕ್ಸ್‌ಎಂಪಿ ಆನ್ ಮಾಡಿದರೆ ಮಾತ್ರ. ಅದರ ಜೆಡೆಕ್ ಕೋಷ್ಟಕ 2133, 2400 ಅಥವಾ 2666ಕ್ಕೇ ನಿಂತಿರುತ್ತದೆ. ಎರಡನ್ನೂ ಒಟ್ಟಿಗೆ ಹಾಕಿ ಬಯೋಸನ್ನು ಆಟೋದಲ್ಲಿ ಬಿಟ್ಟರೆ ಎಲ್ಲ ಸ್ಟಿಕ್‌ಗೂ ಗೊತ್ತಿರುವ ಜೆಡೆಕ್ ಸ್ಪೀಡಿಗೆ, ಉದಾಹರಣೆಗೆ 2400ಕ್ಕೆ ಇಳಿಯುತ್ತದೆ. ಎಕ್ಸ್‌ಎಂಪಿ ಆನ್ ಮಾಡಿದರೆ ಗೇಮಿಂಗ್ ಸ್ಟಿಕ್‌ನ ಸಿಎಲ್16 ಸಾಮಾನ್ಯ ಸ್ಟಿಕ್‌ನ ಮೇಲೂ ಬೀಳುತ್ತದೆ, ಅದಕ್ಕೆ ತಡೆಯುವುದಿಲ್ಲ, ಡಿಸ್‌ಪ್ಲೇಯೇ ಬರುವುದಿಲ್ಲ.

ಇಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವ ಮದ್ದು ಕೈಯಿಂದಲೇ ಸಂಖ್ಯೆ ತುಂಬುವುದು. ಎಕ್ಸ್‌ಎಂಪಿ ಆಫ್, ಫ್ರೀಕ್ವೆನ್ಸಿ 3200, ಟೈಮಿಂಗ್ 22-22-22-52, ವೋಲ್ಟೇಜ್ 1.35, ಟಿಆರ್‌ಎಫ್‌ಸಿ ದೊಡ್ಡ ಚಿಪ್ಪಿನ ಲೆಕ್ಕದ್ದು (16 ಗಿಗಾಬಿಟ್ ಚಿಪ್ ಒಂದಿದ್ದರೂ 880). ಸಿಎಲ್16 ಕಿಟ್‌ಗೆ ಕೊಟ್ಟ ಹೆಚ್ಚಿನ ದುಡ್ಡಿನ ಪ್ರಯೋಜನ ಸಿಗುವುದಿಲ್ಲ ಎಂಬುದು ನಿಜ. ಆದರೆ 3200ರ ಬ್ಯಾಂಡ್‌ವಿಡ್ತ್ ಉಳಿಯುತ್ತದೆ, ವಿಡಿಯೋ ಎಡಿಟಿಂಗ್‌ಗೆ ಅಷ್ಟು ಸಾಕು.

ಬೋರ್ಡನ್ನೂ ನೋಡಿಕೊಳ್ಳಿ. ಎಚ್410, ಬಿ460 ಚಿಪ್‌ಸೆಟ್‌ನ ಬೋರ್ಡುಗಳಲ್ಲಿ 10ನೇ ಪೀಳಿಗೆಯ ಐ3, ಐ5 ಹಾಕಿದ್ದರೆ ಮೆಮೊರಿ 2666ರ ಮೇಲೆ ಹೋಗುವುದೇ ಇಲ್ಲ. ಅಲ್ಲಿ 3600ರ ಕಿಟ್ ಕೊಡುವ ಅಂಗಡಿಯವರ ಮಾತಿಗೆ ತಲೆಯಾಡಿಸಬೇಡಿ. ಬ್ರ್ಯಾಂಡೆಡ್ ಆಫೀಸ್ ಪಿಸಿಗಳಲ್ಲಿ ಸಾಮಾನ್ಯವಾಗಿ ಎಕ್ಸ್‌ಎಂಪಿಯ ಆಯ್ಕೆಯೇ ಇರುವುದಿಲ್ಲ, ಎಲ್ಲವೂ ಜೆಡೆಕ್‌ನಲ್ಲೇ ಓಡುತ್ತದೆ. ಅದಕ್ಕೇ ಅವುಗಳಲ್ಲಿ ಕಂಪನಿ ಬೆರೆಸಿದರೂ ಅಷ್ಟಾಗಿ ತಕರಾರು ಬರುವುದಿಲ್ಲ.

ನಾಲ್ಕು ಸ್ಲಾಟ್, ಎರಡೇ ದಾರಿ

ಮನೆ ಬಳಕೆಯ ಬೋರ್ಡಿನಲ್ಲಿ ಸ್ಲಾಟ್ ನಾಲ್ಕಿದ್ದರೂ ಚಾನೆಲ್, ಅಂದರೆ ಪ್ರೊಸೆಸರಿಗೆ ಹೋಗುವ ದಾರಿ, ಎರಡೇ. ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎ1, ಎ2, ಬಿ1, ಬಿ2. ಹೆಚ್ಚಿನ ಬೋರ್ಡುಗಳಲ್ಲಿ ತಂತಿ ಒಂದು ಸ್ಲಾಟನ್ನು ಮುಟ್ಟಿ ಮುಂದಿನದಕ್ಕೆ ಹೋಗುತ್ತದೆ, ಇದೇ ಡೇಸಿ ಚೈನ್. ಎರಡೇ ಸ್ಟಿಕ್ ಇದ್ದಾಗ ಎ2, ಬಿ2ರಲ್ಲಿ ಹಾಕಿ ಎನ್ನುವುದು ಇದಕ್ಕೇ: ಸಾಲಿನ ಕೊನೆಯ ಸ್ಲಾಟ್ ಖಾಲಿ ಬಿಟ್ಟರೆ ಸಿಗ್ನಲ್ ಆ ಖಾಲಿ ತುದಿಗೆ ಹೋಗಿ ಬಡಿದು ವಾಪಸು ಬರುತ್ತದೆ. ನಾಲ್ಕೂ ತುಂಬಿದಾಗ ಒಂದೇ ತಂತಿಯಲ್ಲಿ ಎರಡು ಸ್ಟಿಕ್‌ಗಳ ಹೊರೆ, ಸಿಗ್ನಲ್ ಮತ್ತಷ್ಟು ಮಸುಕು. ಕಿಟ್ ಹೊಂದುವುದೋ ಇಲ್ಲವೋ ಆಮೇಲಿನ ಮಾತು. ಒಂದೇ ಕಾರ್ಖಾನೆಯ ಒಂದೇ ದಿನದ ನಾಲ್ಕು ಸ್ಟಿಕ್ ಆದರೂ ಎರಡೇ ಸ್ಟಿಕ್ ಇದ್ದಾಗಿನ ವೇಗಕ್ಕೆ ಹೋಗುವುದು ಕಷ್ಟ.

ಎಎಂಡಿ ತಾನೇ ಕೊಟ್ಟ ಲೆಕ್ಕ ನೋಡಿ. ರೈಜ಼ನ್ 3600, 5600ಎಕ್ಸ್‌ನಂಥ ಪ್ರೊಸೆಸರಿಗೆ ಎರಡು ಸ್ಟಿಕ್ ಇದ್ದರೆ 3200. ಒಂದೇ ರ‍್ಯಾಂಕಿನ ನಾಲ್ಕು ಇದ್ದರೆ 2933. ಎರಡು ರ‍್ಯಾಂಕಿನ ನಾಲ್ಕಾದರೆ 2667. ಡಿಡಿಆರ್5ರ ರೈಜ಼ನ್ 7000ದಲ್ಲಿ ಈ ಇಳಿತ ಇನ್ನೂ ಕಡಿದು: ಎರಡಕ್ಕೆ 5200, ನಾಲ್ಕಕ್ಕೆ 3600. 6000ದ ಎರಡು ಕಿಟ್ ಕೊಂಡು ನಾಲ್ಕು ಹಾಕಿ, ಬೋರ್ಡ್ 3600ರಲ್ಲಿ ಓಡುತ್ತಿದೆ ಎಂದು ದೂರುವವರಿಗೆ ಉತ್ತರ ಇಲ್ಲೇ ಇದೆ. ಕೈಯಿಂದ ಏರಿಸಿ 5000 ದಾಟಿಸಿಕೊಂಡವರೂ ಇದ್ದಾರೆ, ಆದರೆ ಅದು ಆ ಪ್ರೊಸೆಸರ್ ಮತ್ತು ಆ ಬೋರ್ಡಿನ ಗುಣ. ಎಲ್ಲರಿಗೂ ಬರುತ್ತದೆಂಬ ಭರವಸೆ ಇಲ್ಲ. ಡಿಡಿಆರ್5ರಲ್ಲಿ ನನ್ನ ಸಲಹೆ ಒಂದೇ: ಎರಡು ಸ್ಟಿಕ್, ಅಷ್ಟಕ್ಕೇ ನಿಲ್ಲಿಸಿ. 48 ಜಿಬಿಯ ಸ್ಟಿಕ್ 2023ರಿಂದಲೇ ಮಾರುಕಟ್ಟೆಯಲ್ಲಿದೆ, ಎರಡರಲ್ಲಿ 96 ಜಿಬಿ ಆಗುತ್ತದೆ.

ಗಾತ್ರ ಬೇರೆ ಇರುವ ಕಿಟ್ ಬೆರೆಸುವುದಾದರೆ ಜೋಡಿಯನ್ನು ಚಾನೆಲ್‌ಗೆ ಒಂದರಂತೆ ಹಂಚಿ. 16ರ ಜೋಡಿ ಎ2, ಬಿ2ಕ್ಕೆ. 8ರ ಜೋಡಿ ಎ1, ಬಿ1ಕ್ಕೆ. ಎರಡೂ ಚಾನೆಲ್‌ನಲ್ಲಿ 24 ಆಗಿ ಒಟ್ಟು 48 ಸಿಗುತ್ತದೆ. ಎರಡು 16ನ್ನೂ ಒಂದೇ ಚಾನೆಲ್‌ಗೆ ಹಾಕಿದರೆ ಒಟ್ಟು ಅಷ್ಟೇ ಕಂಡರೂ ಒಂದು ಪಾಲು ಸಿಂಗಲ್ ಚಾನೆಲ್‌ನಲ್ಲಿ ಓಡುತ್ತದೆ. ಎರಡೇ ಸ್ಲಾಟ್ ಇರುವ ಎಚ್510ನಂಥ ಬೋರ್ಡಿನಲ್ಲಿ 8ರ ಜೊತೆ 16 ಹಾಕುವುದಕ್ಕೆ ನಾನು ಧಾರಾಳವಾಗಿ ಹೂಂ ಎನ್ನುತ್ತೇನೆ. ಚಾನೆಲ್‌ಗೆ ಒಂದೇ ಸ್ಟಿಕ್ ಆದ್ದರಿಂದ ಹೊರೆಯ ಸಮಸ್ಯೆ ಇಲ್ಲ. 24ರಲ್ಲಿ 16 ಜಿಬಿ ಡ್ಯುಯಲ್ ಚಾನೆಲ್ ಆಗಿಯೂ ಉಳಿದ 8 ಸಿಂಗಲ್ ಆಗಿಯೂ ನಡೆಯುತ್ತದೆ. ಟ್ಯಾಲಿ, ಬ್ರೌಸರ್, ಬಿಲ್ಲಿಂಗ್ ಇಷ್ಟೇ ಇರುವ ಅಂಗಡಿ ಪಿಸಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಒಂದು ಎಚ್ಚರಿಕೆ. ಹಳೆಯ ಸರ್ವರ್‌ಗಳಿಂದ ಬಂದ ಡಿಡಿಆರ್4 ರಿಜಿಸ್ಟರ್ಡ್ ಸ್ಟಿಕ್‌ಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಬರುತ್ತವೆ. ಡೆಸ್ಕ್‌ಟಾಪ್ ಸ್ಲಾಟಿನಲ್ಲಿ ಸರಿಯಾಗಿ ಕೂರುತ್ತವೆ, 288 ಪಿನ್, ಅದೇ ಕಚ್ಚು. ಆದರೆ ಮನೆಯ ಬೋರ್ಡಿನಲ್ಲಿ ಆನ್ ಆಗುವುದಿಲ್ಲ. ಲೇಬಲಿನಲ್ಲಿ ಸ್ಪೀಡ್ ಆದ ಮೇಲಿನ ಅಡ್ಡಗೆರೆಯ ನಂತರ ಬರುವ ಮೊದಲ ಅಕ್ಷರ "ಯು" ಇರಬೇಕು, "ಆರ್" ಇದ್ದರೆ ಬಿಡಿ.

ಹಾಕುವ ಕ್ರಮ

ಮೊದಲು ಬ್ಯಾಕಪ್. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಮೆಮೊರಿಯಲ್ಲಿ ತಿರುಗಿದ ಬಿಟ್ ಸೇವ್ ಒತ್ತಿದಾಗ ಡಿಸ್ಕಿಗೇ ಹೋಗಿ ಕೂರುತ್ತದೆ. ವಿಂಡೋಸಿನ ಎನ್‌ಟಿಎಫ್‌ಎಸ್ ನಿಮ್ಮ ಫೈಲಿನೊಳಗಿನ ಡೇಟಾಕ್ಕೆ ಚೆಕ್‌ಸಮ್ ಇಡುವುದಿಲ್ಲ, ಆದ್ದರಿಂದ ಕೆಟ್ಟದ್ದು ತಕ್ಷಣ ತಿಳಿಯುವುದಿಲ್ಲ. ಟ್ಯಾಲಿ ಡೇಟಾ ತೆರೆಯದೆ ಹೋದಾಗ, ಆಲ್ಬಮ್‌ನ ಫೋಟೋದಲ್ಲಿ ಅರ್ಧಕ್ಕೆ ಬೂದು ಪಟ್ಟಿ ಕಂಡಾಗ ಗೊತ್ತಾಗುತ್ತದೆ. ಪರೀಕ್ಷೆ ಪೂರ್ತಿ ಮುಗಿಯುವವರೆಗೆ ಆ ಪಿಸಿಯಲ್ಲಿ ನಿಜವಾದ ಕೆಲಸ ಮಾಡಬೇಡಿ.

ಹಳೆಯ ಕಿಟ್ ಇರುವಾಗಲೇ ಬಯೋಸ್‌ನ ಈಗಿನ ಸೆಟ್ಟಿಂಗ್ ಪುಟಗಳ ಫೋಟೋ ತೆಗೆಯಿರಿ. ಬಯೋಸ್ ಅಪ್‌ಡೇಟ್ ಬಾಕಿ ಇದ್ದರೆ, ಅದರಲ್ಲೂ ಎಎಂಡಿ ಬೋರ್ಡ್ ಆದರೆ, ಆಗಲೇ ಮುಗಿಸಿ. ಮೆಮೊರಿ ಹೊಂದಾಣಿಕೆಯ ಸುಧಾರಣೆಗಳು ಅಲ್ಲೇ ಬರುವುದು. ಯುಪಿಎಸ್ ಇಲ್ಲದೆ ಮಾಡಬೇಡಿ. ಮೇ ತಿಂಗಳ ಸಂಜೆ ಗುಡುಗು ಶುರುವಾದ ಹೊತ್ತಿಗಂತೂ ಬೇಡ.

ಆಮೇಲೆ ಪಿಸಿ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಪವರ್ ಬಟನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಕೆಲಸಕ್ಕೆ ಕೈ ಹಾಕಿ. ಹಳೆಯ ಎರಡನ್ನೂ ತೆಗೆದು ಹೊಸ ಕಿಟ್ ಮಾತ್ರ ಎ2, ಬಿ2ರಲ್ಲಿ ಕೂರಿಸಿ. ಅದನ್ನು ಅದರದೇ ಎಕ್ಸ್‌ಎಂಪಿಯಲ್ಲಿ ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷೆಗೆ ಕೊಡಿ. ಈ ಹಂತ ಬಿಟ್ಟರೆ ಮುಂದೆ ಎರರ್ ಬಂದಾಗ ಹೊಸ ಸ್ಟಿಕ್ಕೇ ಕೆಟ್ಟದ್ದೋ, ಬೆರೆಸಿದ್ದರಿಂದ ಬಂದದ್ದೋ ಎಂದು ಬಿಡಿಸುವುದಕ್ಕೇ ಆಗುವುದಿಲ್ಲ. ಅಂಗಡಿಯವರು ಬದಲಿಸಿಕೊಡುವ ಅವಧಿಯೂ ಅಷ್ಟರಲ್ಲಿ ಮುಗಿದಿರುತ್ತದೆ.

ಅದು ಪಾಸಾದ ಮೇಲೆ ಎಕ್ಸ್‌ಎಂಪಿ ಆಫ್ ಮಾಡಿ, ನಾಲ್ಕನ್ನೂ ಹಾಕಿ. ಪಟ್ಟಿಯ ಎರಡೂ ತುದಿ ಟಕ್ ಎನ್ನುವವರೆಗೆ ಒತ್ತಬೇಕು. ಒಂದೇ ಬದಿ ಕ್ಲಿಪ್ ಇರುವ ಬೋರ್ಡುಗಳಲ್ಲಿ ಕ್ಲಿಪ್ ಇಲ್ಲದ ತುದಿ ಅರೆಬರೆ ಕೂರುವುದು ಬಹಳ ಸಾಮಾನ್ಯ. ಆನ್ ಮಾಡಿದ ಕೂಡಲೇ ಡಿಸ್‌ಪ್ಲೇ ಬರದಿದ್ದರೆ ಗಾಬರಿಯಾಗಿ ಬಟನ್ ಒತ್ತಬೇಡಿ. ಮದ್ದಳೆಯನ್ನು ಭಾಗವತರ ಶ್ರುತಿಗೆ ಕೂಡಿಸುವ ಹಾಗೆ ಬೋರ್ಡ್ ಪ್ರತಿ ತಂತಿಯ ಸಮಯವನ್ನೂ ವೋಲ್ಟೇಜನ್ನೂ ಆಚೀಚೆ ಮಾಡಿ ಹೊಂದಿಸಿಕೊಳ್ಳುತ್ತಿರುತ್ತದೆ. ಅದೇ ಮೆಮೊರಿ ಟ್ರೈನಿಂಗ್. ಡಿಡಿಆರ್4ನಲ್ಲಿ ಒಂದೆರಡು ಸಲ ಆಫ್ ಆಗಿ ಆನ್ ಆಗಬಹುದು. ಡಿಡಿಆರ್5ರ ನಾಲ್ಕು ಸ್ಟಿಕ್‌ಗೆ ಹಲವು ನಿಮಿಷವೇ ಹಿಡಿಯುತ್ತದೆ, ಅಷ್ಟು ಹೊತ್ತೂ ಸ್ಕ್ರೀನ್ ಕಪ್ಪು. ಬೋರ್ಡಿನ ಡಿರ‍್ಯಾಮ್ ದೀಪ ಹೊತ್ತಿಕೊಂಡೇ ಇರುತ್ತದೆ. ಕಾಲು ಗಂಟೆ ಕಾಯಿರಿ. ಆಮೇಲೂ ಬರದಿದ್ದರೆ ಸಿಎಂಓಎಸ್ ಕ್ಲಿಯರ್ ಮಾಡಿ, ಅಂದರೆ ಬಯೋಸ್ ಸೆಟ್ಟಿಂಗ್ ಅಳಿಸಿ ಡಿಫಾಲ್ಟಿಗೆ ತನ್ನಿ. ಜಂಪರ್ ಸಿಗದಿದ್ದರೆ ಪವರ್ ಕೇಬಲ್ ತೆಗೆದು, ಸಿಆರ್2032 ಸೆಲ್ಲನ್ನು ಐದು ನಿಮಿಷ ಹೊರಗಿಡಿ.

ವಿಂಡೋಸ್‌ಗೆ ಬಂದ ಮೇಲೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಒಟ್ಟು ಜಿಬಿ, ಸ್ಪೀಡ್, ಬಳಕೆಯಲ್ಲಿರುವ ಸ್ಲಾಟ್ ಮೂರನ್ನೂ ನೋಡಿ. "ಹಾರ್ಡ್‌ವೇರ್ ರಿಸರ್ವ್ಡ್" ಎಂಬಲ್ಲಿ ಜಿಬಿಗಟ್ಟಲೆ ತೋರಿಸಿದರೆ ಒಂದು ಸ್ಟಿಕ್ ಅಥವಾ ಚಾನೆಲ್ ಸರಿಯಾಗಿ ಸೇರಿಲ್ಲ. ಸಿಪಿಯು-ಜ಼ಡ್‌ನಲ್ಲಿ 1600 ಕಂಡರೆ ಅದು 3200ರ ಅರ್ಧವಷ್ಟೆ, ಸರಿಯಾಗಿಯೇ ಇದೆ.

ಜೆಡೆಕ್‌ನಲ್ಲಿ ಪರೀಕ್ಷೆ ಪಾಸಾಯಿತೆಂದರೆ ಮುಂದೆ 2666, 2933, 3200 ಹೀಗೆ ಒಂದೊಂದೇ ಮೆಟ್ಟಿಲು ಏರಿ. ಪ್ರತಿ ಮೆಟ್ಟಿಲಲ್ಲೂ ಪರೀಕ್ಷೆ. ಸಿಕ್ಕಿಕೊಂಡರೆ ಮೊದಲು ಸಡಿಲಿಸಬೇಕಾದ್ದು ಟೈಮಿಂಗ್, ವೋಲ್ಟೇಜ್ ಆಮೇಲೆ. ರೈಜ಼ನ್‌ನಲ್ಲಿ ಗಿಯರ್ ಡೌನ್ ಮೋಡ್ ಆನ್ ಇರಲಿ, ಇಂಟೆಲ್‌ನಲ್ಲಿ ಕಮಾಂಡ್ ರೇಟ್ 2ಟಿ. ನಾಲ್ಕು ಸ್ಟಿಕ್‌ನ ಹೊರೆಗೆ ಮೆಮೊರಿ ಕಂಟ್ರೋಲರ್‌ಗೂ ಸ್ವಲ್ಪ ಬಲ ಬೇಕಾಗುತ್ತದೆ: ಎಎಂ4ರಲ್ಲಿ (ಡಿಡಿಆರ್4ನ ಎಎಂಡಿ ಸಾಕೆಟ್) ಎಸ್‌ಓಸಿ ವೋಲ್ಟೇಜ್ 1.1 ಸುತ್ತ ಇಟ್ಟು ನೋಡಿ. ಡಿಡಿಆರ್5ರ ಎಎಂ5ರಲ್ಲಿ 1.3 ಮಿತಿ, 2023ರಲ್ಲಿ ಕೆಲವು ಪ್ರೊಸೆಸರ್‌ಗಳು ಸುಟ್ಟ ಪ್ರಕರಣಗಳಾದ ಮೇಲೆ ಎಎಂಡಿಯೇ ಹಾಕಿದ ಗೆರೆ ಅದು. ಬೋರ್ಡ್ ಬಿಟ್ಟರೂ ನೀವು ದಾಟಬೇಡಿ.

ಪಾಸ್ ಎಂದರೆ ಎಷ್ಟು

ಮೆಮ್‌ಟೆಸ್ಟ್86ನ ಉಚಿತ ಆವೃತ್ತಿ ಪೆನ್‌ಡ್ರೈವ್‌ನಿಂದ ಓಡುತ್ತದೆ, ನಾಲ್ಕು ಪಾಸ್ ಮಾಡುತ್ತದೆ. 32 ಜಿಬಿಗೆ ಹಲವು ಗಂಟೆ, ರಾತ್ರಿ ಮಲಗುವ ಮುನ್ನ ಹಚ್ಚಿದರೆ ಬೆಳಿಗ್ಗೆಗೆ ಆಗಿರುತ್ತದೆ. ಒಂದು ಎರರ್ ಬಂದರೂ ಫೇಲ್. ಒಂದೇ ಒಂದಲ್ಲವೇ ಎಂದು ಬಿಡುವ ವಿಷಯ ಇದಲ್ಲ. 13ನೇ ಟೆಸ್ಟ್‌ನಲ್ಲಿ ಮಾತ್ರ ಎರರ್ ಬಂದರೆ ಅದರ ಕಥೆ ಬೇರೆ: ಪಕ್ಕದ ಸಾಲನ್ನು ಪದೇಪದೇ ಕುಟ್ಟಿ ಬಿಟ್ ತಿರುಗುತ್ತದೆಯೇ ಎಂದು ನೋಡುವ ಪರೀಕ್ಷೆ ಅದು, ಚಿಪ್‌ನ ಸ್ವಭಾವವನ್ನು ಹೇಳುತ್ತದೆ, ಕಿಟ್ ಬೆರೆಸಿದ್ದನ್ನಲ್ಲ.

ಇದು ಪಾಸಾದರೂ ನಾನು ಸಾಕೆನ್ನುವುದಿಲ್ಲ. ಮೆಮ್‌ಟೆಸ್ಟ್ ಓಡುವಾಗ ಗ್ರಾಫಿಕ್ಸ್ ಕಾರ್ಡ್ ತಣ್ಣಗಿರುತ್ತದೆ, ಕ್ಯಾಬಿನೆಟ್ ಬಿಸಿಯಾಗಿರುವುದಿಲ್ಲ. ವಿಂಡೋಸ್‌ನೊಳಗೆ ಟೆಸ್ಟ್‌ಮೆಮ್5 ಎಂಬ ಪರೀಕ್ಷೆಯನ್ನೂ ಓಡಿಸಿ. ಅದನ್ನೂ ಮಧ್ಯಾಹ್ನ, ಎಸಿ ಹಾಕದೆ, ಕ್ಯಾಬಿನೆಟ್ ಬಾಗಿಲು ಮುಚ್ಚಿ. ಏಪ್ರಿಲ್‌ನಲ್ಲಿ ಸುರತ್ಕಲ್‌ನ ಮಹಡಿ ಕೋಣೆಯ ಸೆಕೆಗೂ ಜುಲೈ ರಾತ್ರಿಗೂ ಇರುವ ವ್ಯತ್ಯಾಸ ಮೆಮೊರಿಗೆ ಗೊತ್ತಾಗುತ್ತದೆ. ಬಿಸಿ ಹೆಚ್ಚಿದಷ್ಟೂ ಚಾರ್ಜ್ ಬೇಗ ಸೋರುತ್ತದೆ. ನಾಲ್ಕು ಸ್ಟಿಕ್ ಒತ್ತೊತ್ತಾಗಿ ನಿಂತಾಗ ನಡುವಿನ ಎರಡಕ್ಕೆ ಗಾಳಿ ಸಿಗುವುದಿಲ್ಲ. ಡಿಡಿಆರ್5ರಲ್ಲಿ ವೋಲ್ಟೇಜ್ ನಿಯಂತ್ರಿಸುವ ಚಿಪ್ಪೂ ಸ್ಟಿಕ್‌ನ ಮೇಲೇ ಇದೆ, ಅದರ ಬಿಸಿ ಬೇರೆ. ಮಳೆಗಾಲದಲ್ಲಿ ಪಾಸಾದ ಸೆಟ್ಟಿಂಗ್ ಬೇಸಿಗೆಯಲ್ಲಿ ಫೇಲ್ ಆದರೆ ಆಶ್ಚರ್ಯ ಇಲ್ಲ. ಮುಂದಿನ ಮಾರ್ಚ್‌ನಲ್ಲಿ ಇನ್ನೊಮ್ಮೆ ಓಡಿಸಿ.

ಕೊನೆಯದಾಗಿ, ಇಪ್ಪತ್ತು ಜಿಬಿಯಷ್ಟು ದೊಡ್ಡ ವಿಡಿಯೋ ಫೈಲ್ ಒಂದನ್ನು ಕಾಪಿ ಮಾಡಿ, 7-ಜ಼ಿಪ್‌ನ ರೈಟ್ ಕ್ಲಿಕ್ ಮೆನುವಿನಲ್ಲಿ ಎರಡರ ಎಸ್‌ಎಚ್‌ಎ-256 ತೆಗೆದು ಹೋಲಿಸಿ. ಒಂದು ಅಕ್ಷರ ಬೇರೆ ಬಂದರೂ ಮೆಮೊರಿಯೋ ಡಿಸ್ಕೋ ಸುಳ್ಳು ಹೇಳುತ್ತಿದೆ. ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ನೋಡಿ, ಸರಿಯಾದರೆ ಮೆಮೊರಿಯೇ.

ಫೇಲ್ ಆದಾಗ ಹುಡುಕುವ ದಾರಿ ಹೀಗೆ. ಒಂದು ಸ್ಟಿಕ್ ಯಾವ ಸ್ಲಾಟಿನಲ್ಲಿ ಹಾಕಿದರೂ ಎರರ್ ಕೊಡುತ್ತದೆಯೆಂದರೆ ಸ್ಟಿಕ್ ಕೆಟ್ಟಿದೆ. ಯಾವ ಸ್ಟಿಕ್ ಹಾಕಿದರೂ ಒಂದೇ ಸ್ಲಾಟ್ ಎರರ್ ಕೊಡುತ್ತದೆಯೆಂದರೆ ಸ್ಲಾಟ್, ಇಲ್ಲವೇ ಪ್ರೊಸೆಸರ್ ಸಾಕೆಟ್‌ನ ಬಾಗಿದ ಪಿನ್. ಕೂಲರ್‌ನ ಸ್ಕ್ರೂ ಒಂದು ಬದಿ ಹೆಚ್ಚು ಬಿಗಿದರೂ ಒಂದು ಚಾನೆಲ್ ಮಾಯವಾಗುವುದುಂಟು. ಎರಡೆರಡಾಗಿ ಹಾಕಿದಾಗ ಎಲ್ಲ ಪಾಸ್, ನಾಲ್ಕು ಸೇರಿದಾಗ ಮಾತ್ರ ಫೇಲ್ ಎಂದಾದರೆ ಬೆರಕೆಯದ್ದು, ಇಲ್ಲವೇ ನಾಲ್ಕರ ಹೊರೆಯದ್ದು ತೊಂದರೆ. ಟೈಮಿಂಗ್ ಸಡಿಲಿಸಿಯೂ ಆಗದಿದ್ದರೆ ಸ್ಪೀಡ್ ಇಳಿಸುವುದು, ಇಲ್ಲವೇ ಒಂದು ಕಿಟ್ ತೆಗೆಯುವುದು, ಇವೆರಡೇ ದಾರಿ.

ಕರಾವಳಿಯ ಹವೆ

ಎಲ್ಲ ತಪ್ಪನ್ನೂ ಕಿಟ್‌ನ ಮೇಲೆ ಹಾಕುವ ಹಾಗಿಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ನೀರೇ ಇರುತ್ತದೆ, ಕಡಲ ಬದಿಯಲ್ಲಿ ಉಪ್ಪೂ. ವರ್ಷಗಟ್ಟಲೆ ಖಾಲಿ ಇದ್ದ ಎ1, ಬಿ1 ಸ್ಲಾಟಿನೊಳಗೆ ಧೂಳು ಹಸಿಯಾಗಿ ಅಂಟಿಕೊಂಡಿರುತ್ತದೆ. ಹೊಸ ಕಿಟ್ ಹಾಕಿದ ದಿನವೇ ಆ ಸ್ಲಾಟ್ ಮೊದಲ ಸಲ ಬಳಕೆಗೆ ಬರುವುದು, ದೂರು ಮಾತ್ರ ಕಿಟ್‌ನ ಮೇಲೆ ಬರುತ್ತದೆ. ಹಾಕುವ ಮೊದಲೇ ಸ್ಲಾಟಿಗೆ ಬ್ಲೋವರ್ ಹಿಡಿಯಿರಿ, ಬಾಯಿಂದ ಊದಬೇಡಿ. ಸ್ಟಿಕ್‌ನ ಚಿನ್ನದ ಹಲ್ಲುಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ನೂಲುಬಿಡದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ಪೆನ್ಸಿಲ್ ರಬ್ಬರ್ ಹಾಕಿ ಉಜ್ಜುವುದು ಎಲ್ಲ ಕಡೆ ನಡೆಯುತ್ತದೆ. ಆದರೆ ಚಿನ್ನದ ಲೇಪ ತೀರಾ ತೆಳು, ಉಜ್ಜಿದಷ್ಟು ಸವೆಯುತ್ತದೆ, ರಬ್ಬರಿನ ಪುಡಿ ಸ್ಲಾಟಿಗೆ ಬೀಳುತ್ತದೆ. ಸ್ಯಾನಿಟೈಸರ್ ಅಂತೂ ಬೇಡವೇ ಬೇಡ.

ಕರೆಂಟಿನದ್ದೂ ಒಂದು ಚೇಷ್ಟೆ ಉಂಟು. ಪಿಸಿ ಆನ್ ಆಗುತ್ತಿರುವಾಗಲೇ ಎರಡು ಮೂರು ಸಲ ಕರೆಂಟ್ ಹೋಗಿ ಬಂದರೆ ಹಲವು ಬೋರ್ಡುಗಳು ಅದನ್ನು ಮೆಮೊರಿ ಸೆಟ್ಟಿಂಗ್‌ನ ಸೋಲೆಂದು ತಿಳಿದು ಎಲ್ಲವನ್ನೂ ಡಿಫಾಲ್ಟಿಗೆ ತಳ್ಳುತ್ತವೆ. ನಿನ್ನೆ 3200ರಲ್ಲಿ ಓಡುತ್ತಿದ್ದದ್ದು ಇವತ್ತು 2133. ಸಿಎಂಓಎಸ್ ಸೆಲ್ ಮುಗಿದಾಗಲೂ ಹೀಗೇ. ಸ್ಥಿರವಾದ ಸೆಟ್ಟಿಂಗನ್ನು ಬಯೋಸ್‌ನ ಪ್ರೊಫೈಲಿನಲ್ಲಿ ಸೇವ್ ಮಾಡಿ, ಸಂಖ್ಯೆಗಳನ್ನು ಫೋನಿನಲ್ಲಿ ಫೋಟೋ ಹಿಡಿದಿಡಿ. ಬಯೋಸ್ ಅಪ್‌ಡೇಟ್ ಮಾಡಿದರೆ ಸೇವ್ ಮಾಡಿದ ಪ್ರೊಫೈಲೂ ಅಳಿಸಿಹೋಗಬಹುದು.

ಬೆರೆಸಲೋ, ಮಾರಲೋ

ಆಫೀಸ್, ಬಿಲ್ಲಿಂಗ್, ಮಕ್ಕಳ ಓದಿನ ಪಿಸಿ: ಬೆರೆಸಿ, ಜೆಡೆಕ್‌ನಲ್ಲೇ ಬಿಡಿ, ಎಕ್ಸ್‌ಎಂಪಿಯ ಆಸೆ ಬೇಡ. ಡಿಡಿಆರ್4ನ ಎಡಿಟಿಂಗ್ ಪಿಸಿ: ಬೆರೆಸಬಹುದು, 2933 ಅಥವಾ 3200ಕ್ಕೆ ಸಡಿಲ ಟೈಮಿಂಗ್‌ನಲ್ಲಿ ನಿಲ್ಲಿಸಿ, ಒಂದು ಹಗಲು ಒಂದು ರಾತ್ರಿ ಪರೀಕ್ಷೆಗೆ ಮೀಸಲಿಡಿ. ಟೈಮ್‌ಲೈನ್ ತುಂಬಿ ಡಿಸ್ಕಿಗೆ ಸ್ವಾಪ್ ಆಗುವುದರ ಎದುರು 3600ರಿಂದ 2933ಕ್ಕೆ ಇಳಿದ ನಷ್ಟ ಬಹಳ ಚಿಕ್ಕದು. ಗೇಮಿಂಗ್‌ಗೆ ಲೆಕ್ಕ ತಿರುಗುಮುರುಗು, ಅಲ್ಲಿ ಹೆಚ್ಚಾಗಿ ವೇಗದ 16ಕ್ಕೇ ನಿಲ್ಲಿ, ಇಲ್ಲವೇ ಹಳೆಯದನ್ನು ಮಾರಿ ಎರಡು ಸ್ಟಿಕ್‌ನ 32 ತನ್ನಿ. ಹಳೆಯ ಕಿಟ್‌ಗೆ ಸುರತ್ಕಲ್, ಮಣಿಪಾಲದ ಕಾಲೇಜು ಹುಡುಗರಲ್ಲಿ ಗಿರಾಕಿ ಸಿಗುತ್ತಾರೆ, ಮೆಮೊರಿ ಬೆಲೆ ಏರಿದ ಮೇಲೆ ಅದಕ್ಕೂ ಒಳ್ಳೆಯ ರೇಟು ಬರುತ್ತದೆ. ಮಾರುವಾಗ ಜೋಡಿಯನ್ನು ಒಡೆಯಬೇಡಿ.

ಕೊಳ್ಳುವುದು ಹಂಪನಕಟ್ಟೆಯ ಅಂಗಡಿಯಲ್ಲಾಗಲಿ, ಬೆಂಗಳೂರಿನ ಎಸ್‌ಪಿ ರೋಡಿನಿಂದ ಪಾರ್ಸೆಲ್ ತರಿಸುವುದಾಗಲಿ, ಹಳೆಯ ಸ್ಟಿಕ್‌ನ ಎರಡೂ ಬದಿಯ ಫೋಟೋ ಮತ್ತು ಸಿಪಿಯು-ಜ಼ಡ್ ಪುಟ ಮೊದಲೇ ಕಳಿಸಿ, ರ‍್ಯಾಂಕ್ ಮತ್ತು ವರ್ಷನ್ ಸಂಖ್ಯೆ ಹೊಂದುವುದು ಇದೆಯೇ ಎಂದು ಕೇಳಿ. ಹೊಂದದಿದ್ದರೆ ವಾಪಸು ತೆಗೆದುಕೊಳ್ಳುತ್ತಾರೆಯೇ, ಎಷ್ಟು ದಿನದೊಳಗೆ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿ. ಕಿಟ್ ಆಗಿ ಕೊಂಡದ್ದನ್ನು ವಾರಂಟಿಗೆ ಕಳಿಸುವಾಗ ಸಾಮಾನ್ಯವಾಗಿ ಎರಡೂ ಸ್ಟಿಕ್ ಕೇಳುತ್ತಾರೆ, ಒಂದೇ ಕೆಟ್ಟಿದ್ದರೂ. ನಾಲ್ಕೂ ನೋಡಲು ಒಂದೇ ಥರ ಇರುವುದರಿಂದ, ಹಾಕುವ ಮೊದಲೇ ಯಾವ ಸೀರಿಯಲ್ ನಂಬರ್ ಯಾವ ಬಿಲ್ಲಿನದ್ದು ಎಂದು ಬರೆದಿಟ್ಟುಕೊಳ್ಳಿ.